ಬದರಿನಾಥನ ಆಕಾಶವಾಸ

ಬದರಿನಾಥ ಹೇಳಿದ್ದು ತೀರಾ ಸಣ್ಣ ಸುಳ್ಳು. ಶನಿವಾರ ಅನ್ನಬೇಕಾದ ಕಡೆ ಭಾನುವಾರ ಅಂದ, ಅಷ್ಟೇ.

ಮೈಸೂರಿನಲ್ಲಿ ನಾದಿನಿಯ ಮದುವೆ. ಬಾಯಲ್ಲಿ ಅರ್ಧ ಚಿರೋಟಿ, ಕೈಯಲ್ಲಿ ಇನ್ನರ್ಧ. ಆ ಹೊತ್ತಿಗೆ ಸರಿಯಾಗಿ ಆಕ್ಲೆಂಡಿನಿಂದ ಶ್ರೀನಿವಾಸನ ಫೋನು ಬಂತು. ಶ್ರೀನಿವಾಸ ಅವನ ಕಾಲೇಜಿನ ಗೆಳೆಯ. ಈಗ ಇಬ್ಬರೂ ಈಸ್ಟ್ ತಮಾಕಿಯ ಒಂದೇ ಕಂಪನಿಯಲ್ಲಿ ಕೋಲ್ಡ್ ಸ್ಟೋರೇಜಿನ ಬಾಗಿಲುಗಳ ನಕ್ಷೆ ಬರೆಯುವ ಎಂಜಿನಿಯರುಗಳು.

“ಏನಯ್ಯಾ ಭೀಮ, ವಾಪಸ್ ಯಾವತ್ತು? ಬರೋ ವೀಕೆಂಡು ನಾವು ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಹೋಗ್ತಿದೀವಿ ಕಣೋ. ಶಿಫ್ಟಿಂಗ್!”

ಶಿಫ್ಟಿಂಗ್ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಚಿರೋಟಿ ಗಂಟಲಲ್ಲಿ ಸಿಕ್ಕಿಕೊಂಡಿತು.

ಅದಕ್ಕೆ ಕಾರಣವಿತ್ತು. ಬದರಿ ಆರಡಿ ಎರಡಂಗುಲದ ಆಳು, ಬಾಗಿಲಿನಷ್ಟು ಅಗಲದ ಎದೆ. ಆಕ್ಲೆಂಡಿನ ಕನ್ನಡಿಗರಲ್ಲಿ ಯಾರು ಮನೆ ಬದಲಾಯಿಸಿದರೂ ಮೊದಲು ಒಂದು ಟ್ರೇಲರ್ ಗೊತ್ತು ಮಾಡುತ್ತಿದ್ದರು, ಆಮೇಲೆ ಬದರಿಯನ್ನು. ಎರಡು ತಟ್ಟೆ ಬಿಸಿಬೇಳೆ ಬಾತು, ‘ನೀನಿಲ್ದಿದ್ರೆ ಆಗ್ತಾನೇ ಇರ್ಲಿಲ್ಲಪ್ಪ’ ಅನ್ನುವ ಒಂದು ಮಾತು, ಇಷ್ಟು ಸಿಕ್ಕರೆ ಸಾಕು, ಡಬಲ್ ಡೋರ್ ಫ್ರಿಜ್ಜನ್ನು ಮದುಮಗಳನ್ನು ಎತ್ತಿಕೊಂಡಂತೆ ಎತ್ತಿಕೊಂಡು ನಡೆಯುತ್ತಿದ್ದ. ಹಾಗೆ ಹತ್ತು ಮನೆಗಳಾದವು. ಭೀಮ ಅನ್ನುವ ಹೆಸರೂ ಬಂತು. ಹನ್ನೊಂದನೆಯದು ಹೋವಿಕ್‌ನಲ್ಲಿ. ಅಲ್ಲಿ ಹದಿನಾಲ್ಕು ಮೆಟ್ಟಿಲು, ಒಂದು ಪಿಯಾನೊ. ಹನ್ನೆರಡನೇ ಮೆಟ್ಟಿಲಿನಲ್ಲಿ ಅವನ ಸೊಂಟದೊಳಗೆ ಹಪ್ಪಳ ಮುರಿದಂಥ ಸದ್ದಾಯಿತು.

ಅವತ್ತಿನಿಂದ ಬದರಿ ಷೂ ಲೇಸು ಕಟ್ಟಬೇಕಾದರೂ ಗೋಡೆ ಹಿಡಿದುಕೊಳ್ಳುವವನಾದ. ಆದರೆ ಯಾರಿಗೂ ಹೇಳಲಿಲ್ಲ. ಭೀಮನಿಗೆ ಸೊಂಟ ನೋವು ಅಂದರೆ ಜನ ಅಯ್ಯೋ ಅನ್ನುವುದಿಲ್ಲ, ನಗುತ್ತಾರೆ. ಗೊತ್ತಿದ್ದದ್ದು ರಾತ್ರಿ ಎಣ್ಣೆ ಹಚ್ಚುತ್ತಿದ್ದ ಹೆಂಡತಿ ಅರುಂಧತಿಗೆ ಮಾತ್ರ.

ಬದರಿಯ ಟಿಕೆಟ್ ಇದ್ದದ್ದು ಶನಿವಾರ ಬೆಳಗ್ಗೆ ಏಳೂವರೆಗೆ ಆಕ್ಲೆಂಡಿನಲ್ಲಿ ಇಳಿಯುವ ವಿಮಾನಕ್ಕೆ. ಬಾಯಿ ಮಾತ್ರ ತನ್ನಷ್ಟಕ್ಕೆ ತಾನೇ, “ಭಾನುವಾರ ಕಣೋ. ಭಾನುವಾರ ಬೆಳಗ್ಗೆ. ದೋಹಾದಿಂದ ಹೊಸದಾಗಿ ಸೀದಾ ವಿಮಾನ ಬಿಟ್ಟಿದ್ದಾರಲ್ಲ, ಅದ್ರಲ್ಲಿ” ಅಂದುಬಿಟ್ಟಿತು. ಟ್ರೇಲರ್ ಹಿಡಿಯುವವರು ಯಾವಾಗಲೂ ಶನಿವಾರವೇ ಹಿಡಿಯುವುದು ಅನ್ನುವುದು ಅವನ ಹನ್ನೊಂದು ಮನೆಗಳ ಅನುಭವ.

ಎರಡು ದಿನ ಬಿಟ್ಟು ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು: ಶ್ರೀನಿವಾಸ-ತಾರಾ ಅವರ ಮನೆ ಸಾಮಾನು ಸಾಗಿಸುವುದು ಶನಿವಾರ. ಬದರಿ ಮದುವೆ ಮನೆಯಲ್ಲೇ ಒಂದು ಲಾಡು ಹೆಚ್ಚಿಗೆ ತಿಂದ. ಸುದ್ದಿಯ ಕೆಳಗೆ ವಾಮನನ ಉದ್ದನೆಯ ಒಂದು ಟಿಪ್ಪಣಿಯೂ ಇತ್ತು. ವಾಮನ ಹುಬ್ಬಳ್ಳಿಯವನು, ಸಾಫ್ಟ್‌ವೇರ್ ಕೆಲಸ. ಪಂಚಾಂಗ ನೋಡುವವರು ರಾಹುಕಾಲ ನೋಡಿದಂತೆ ಇವನು ಗಳಿಗೆಗೊಮ್ಮೆ ಫೋನಿನಲ್ಲಿ ಯಾವ ವಿಮಾನ ಎಲ್ಲಿ ಹಾರುತ್ತಿದೆ ಎಂದು ನೋಡುವವನು. ‘ದೋಹಾದಿಂದ ಆಕ್ಲೆಂಡಿಗೆ ಹದಿನಾಲ್ಕೂವರೆ ಸಾವಿರ ಕಿಲೋಮೀಟರ್ ಐತಿ. ಇತ್ತ ಬರೂಮುಂದ ಗಾಳಿ ಬೆನ್ನಿಗಿರತೈತಿ, ಹದಿನಾರೂವರೆ ತಾಸು. ಅತ್ತ ಹೋಗೂಮುಂದ ಎದುರಗಾಳಿ, ಹದಿನೇಳೂವರೆ. ಬದರಿಯವರು ನಮ್ಮ ಆಕ್ಲೆಂಡಿನ ಟೈಮಿನಾಗ ಶನಿವಾರ ಮಧ್ಯಾಹ್ನ ಮೂರಕ್ಕ ಮ್ಯಾಲೆ ಏರತಾರ, ರವಿವಾರ ಮುಂಜಾನೆ ಏಳೂವರಿಗೆ ಇಳೀತಾರ. ಅಲ್ಲೀತನಕ ಅವರು ಯಾರ ಕೈಗೂ ಸಿಗೂದಿಲ್ಲ’ ಎಂದು ಬರೆದಿದ್ದ.

ಯಾರ ಕೈಗೂ ಸಿಗುವುದಿಲ್ಲ! ಬದರಿಗೆ ಅದು ವೇದವಾಕ್ಯದಂತೆ ಕೇಳಿಸಿತು.

ಹೀಗೆ ಶನಿವಾರ ಬೆಳಗ್ಗೆ, ಲೆಕ್ಕದ ಪ್ರಕಾರ ಇನ್ನೂ ಅರಬ್ಬರ ದೇಶವನ್ನೇ ಮುಟ್ಟದಿದ್ದ ಬದರಿನಾಥ, ಫ್ಲಾಟ್ ಬುಷ್‌ನ ತನ್ನ ಬೀದಿಯ ಮೂಲೆಯಲ್ಲಿ ಶಟಲ್ ವ್ಯಾನಿನಿಂದ ಇಳಿದ. ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು, ಸೂಟ್‌ಕೇಸಿನ ಚಕ್ರ ಸದ್ದು ಮಾಡೀತೆಂದು ಅದನ್ನು ಮಗುವಿನಂತೆ ತಬ್ಬಿಕೊಂಡು, ಸೊಂಟವನ್ನು ಶಪಿಸುತ್ತ ನಡೆದ. ಪಕ್ಕದ ಮನೆಯ ಚಂದ್ರಿಕಾ ಆಂಟಿಯ ಪರದೆ ಇನ್ನೂ ಸರಿದಿರಲಿಲ್ಲ. ಆದರೆ ಎದುರು ಮನೆಯ ಗ್ಯಾರಿ ಚಡ್ಡಿ ತೊಟ್ಟು ತನ್ನ ಯೂಟ್ ಗಾಡಿ ತೊಳೆಯುತ್ತಿದ್ದ.

“ವೆಲ್ಕಂ ಬ್ಯಾಕ್, ಮೇಟ್!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಕೈ ಬೀಸಿದ.

ಬದರಿ ತುಟಿಯ ಮೇಲೆ ಬೆರಳಿಟ್ಟು ಒಳಗೆ ನುಗ್ಗಿದ.

ಮನೆ ತಣ್ಣಗಿತ್ತು. ಅರುಂಧತಿ, ಮಗಳು ಮಾನ್ಯ ಇಬ್ಬರೂ ಮೈಸೂರಿನಲ್ಲೇ ಉಳಿದಿದ್ದರು, ಬರುವುದು ಇನ್ನು ಎರಡು ವಾರಕ್ಕೆ. ಬದರಿ ಪರದೆಗಳನ್ನೆಲ್ಲ ಎಳೆದು, ಸೂಟ್‌ಕೇಸನ್ನು ಮಂಚದ ಕೆಳಗೆ ನೂಕಿ, ಸದ್ದಾಗದಂತೆ ಒಂದಿಷ್ಟು ಉಪ್ಪಿಟ್ಟು ಕೆದಕಿಕೊಂಡು ತಿಂದ. ಹೆಂಡತಿಗೆ, ‘ಸೇಫಾಗಿ ಲ್ಯಾಂಡ್ ಆದೆ. ಮನೇಲಿದೀನಿ. ಉಪ್ಪಿಟ್ಟಾಯ್ತು. ಮಲಗ್ತೀನಿ’ ಎಂದು ಮೆಸೇಜು ಹಾಕಿದ. ಹೆಂಡತಿಗೆ ಸುಳ್ಳು ಹೇಳುವಷ್ಟು ಧೈರ್ಯಸ್ಥನಲ್ಲ ಅವನು. ಶ್ರೀನಿವಾಸನಿಗೆ ಹೇಳಿದ ಸುಳ್ಳನ್ನು ಅವಳಿಗೆ ತಿಳಿಸುವಷ್ಟು ದಡ್ಡನೂ ಅಲ್ಲ. ಅವಳಿಗೆ ತಿಳಿದರೆ ಚಂದ್ರಿಕಾ ಆಂಟಿಗೆ ತಿಳಿಯುತ್ತದೆ, ಚಂದ್ರಿಕಾ ಆಂಟಿಗೆ ತಿಳಿದರೆ ದೂರದ ನೆಲ್ಸನ್ ಊರಿನಲ್ಲಿರುವ ಆಕೆಯ ತಂಗಿಗೂ ತಿಳಿಯುತ್ತದೆ.

ಸೋಫಾ ಮೇಲೆ ಬಿದ್ದವನಿಗೆ ಕಣ್ಣು ಹತ್ತಿತ್ತು. ಫೋನು ಬಡಿದುಕೊಂಡಿತು. ನಿದ್ದೆಗಣ್ಣಿನಲ್ಲಿ ಎತ್ತಿಯೇಬಿಟ್ಟ.

“ಭೀಮಾ! ಎಲ್ಲಿದೀಯೋ?”

ಶ್ರೀನಿವಾಸ! ಬದರಿ ಬೆಚ್ಚಿ ಎದ್ದು ಕೂತ. ಗಡಿಯಾರ ಹನ್ನೊಂದು ತೋರಿಸುತ್ತಿತ್ತು. “ಮ... ದೋಹಾ! ದೋಹಾದಲ್ಲಿದೀನಿ ಕಣೋ. ಏರ್‌ಪೋರ್ಟಲ್ಲಿ. ಇಲ್ಲಿ ರಾತ್ರಿ ಒಂದು ಗಂಟೆ.”

ಆ ಮಾತು ಮುಗಿಯುವುದಕ್ಕೂ ಎದುರುಗಡೆ ಗ್ಯಾರಿ ತನ್ನ ಹುಲ್ಲು ಕತ್ತರಿಸುವ ಮೆಷಿನ್ನಿನ ದಾರ ಎಳೆಯುವುದಕ್ಕೂ ಸರಿಹೋಯಿತು. ಡ್ರ್ರ್ರ್ರ್ ಎಂದು ಬೀದಿ ನಡುಗಿತು.

“ಅದೇನೋ ಸದ್ದು? ಲಾನ್ ಮೋವರ್ ಥರ ಇದೆ!”

“ಮರಳುಗಾಡಲ್ಲಿ ಎಲ್ಲಿಂದ ಬರ್ಬೇಕೋ ಹುಲ್ಲು? ನೆಲ ಒರೆಸೋ ಮೆಷಿನ್ನು. ಇವ್ರು ರಾತ್ರಿಯೆಲ್ಲಾ ಒರೆಸ್ತಾನೇ ಇರ್ತಾರೆ.”

“ಒಂದ್ನಿಮಿಷ ವಿಡಿಯೋ ಹಾಕು, ನೋಡೋಣ. ಏರ್‌ಪೋರ್ಟಲ್ಲಿ ದೊಡ್ಡ ಗೊಂಬೆ ಇದೆಯಂತಲ್ಲ.”

“ಚಾರ್ಜಿಲ್ಲ ಕಣೋ.”

“ಸರಿ ಬಿಡು. ಒಂದು ವಿಷಯ ಕೇಳ್ಬೇಕಿತ್ತು. ಇಲ್ಲಿ ಸ್ವಲ್ಪ ಎಡವಟ್ಟಾಗಿದೆ. ನಿನ್ನ ಮನೆ—”

“ಬೋರ್ಡಿಂಗ್ ಅನೌನ್ಸ್ ಮಾಡ್ತಿದ್ದಾರೆ! ಇಡ್ತೀನಿ!”

“ರೀ ಬದರಿಯವ್ರ,” ಹಿಂದಿನಿಂದ ವಾಮನನ ದನಿ ಕೇಳಿಸಿತು. “ವಿಮಾನ ಹೊರಡೂದು ಇನ್ನಾ ನಾಕ ತಾಸಿಗೆ. ಈಗ ಎಂಥಾ ಬೋರ್ಡಿಂಗ್ರಿ?”

ಬದರಿ ಫೋನನ್ನು ಕಟ್ ಮಾಡಿದ್ದಷ್ಟೇ ಅಲ್ಲ, ಪೂರ್ತಿ ಆಫ್ ಮಾಡಿ ದಿಂಬಿನ ಕೆಳಗೆ ಹೂತುಬಿಟ್ಟ. ಎಡವಟ್ಟಂತೆ! ಏನಿರುತ್ತದೆ, ಯಾರೋ ಒಬ್ಬ ಕೈಕೊಟ್ಟಿರಬೇಕು, ಮಂಚದ ಒಂದು ಕಾಲಿಗೆ ಆಳು ಕಡಮೆ ಬಿದ್ದಿರಬೇಕು. ದೋಹಾದಲ್ಲಿರುವವನು ಅದಕ್ಕೇನು ಮಾಡಲಾಗುತ್ತದೆ? ಬದರಿ ಮಗ್ಗಲು ಬದಲಾಯಿಸಿ ಹೊದ್ದುಕೊಂಡು ಮಲಗಿದ.

ಎಚ್ಚರವಾದಾಗ ಮೂರೂವರೆ. ವಾಮನನ ಲೆಕ್ಕದಲ್ಲಿ ಈಗ ತಾನು ಮೂವತ್ತು ಸಾವಿರ ಅಡಿ ಎತ್ತರದಲ್ಲಿರಬೇಕು. ನಾಳೆ ಬೆಳಗ್ಗೆ ತನಕ ಕೂಗಿದರೂ ಕೇಳಿಸದ ಜಾಗ. ಬದರಿ ಸುಖವಾಗಿ ಮೈ ಮುರಿದ. ಅಷ್ಟರಲ್ಲಿ ಮನೆಯ ಮುಂದೆ ಒಂದು ಗಾಡಿ ‘ಪೀಂ ಪೀಂ’ ಎನ್ನುತ್ತ ಹಿಂದಕ್ಕೆ ಬರುವ ಸದ್ದು.

“ಇನ್ನೂ ಹಿಂದೆ ತಗೋ, ಇನ್ನೂ, ಇನ್ನೂ... ಗುಲಾಬಿ ಗಿಡ ನೋಡ್ಕೊಳ್ಳಿ! ಆ ಗಿಡ ಹೋದ್ರೆ ಅರುಂಧತಿ ನನ್ನ ಸುಮ್ನೆ ಬಿಡಲ್ಲ!”

ಚಂದ್ರಿಕಾ ಆಂಟಿಯ ದನಿ. ಗಿಡಕ್ಕೆ ನೀರು ಹಾಕಲೆಂದು ಮನೆಯ ಬೀಗದ ಕೈ ಇದ್ದದ್ದು ಆಕೆಯ ಬಳಿ. ಬದರಿ ಪರದೆಯ ಸಂದಿಯಿಂದ ಇಣುಕಿದ. ಒಂದು ಟ್ರೇಲರ್, ಅದರ ಹಿಂದೆ ಇನ್ನೊಂದು. ಅವುಗಳ ಮೇಲೆ ಶ್ರೀನಿವಾಸನ ಇಡೀ ಸಂಸಾರ ಹಗ್ಗ ಬಿಗಿಸಿಕೊಂಡು ಕೂತಿತ್ತು. ಸೋಫಾ, ವಾಷಿಂಗ್ ಮೆಷಿನ್ನು, ತಾರಾಳ ತವರಿನಿಂದ ಹಡಗಿನಲ್ಲಿ ಬಂದ ಒರಳುಕಲ್ಲು, ಅದೇ ಹಡಗಿನಲ್ಲಿ ಬಂದ ತೇಗದ ಬೀರು.

ಬಾಗಿಲಲ್ಲಿ ಬೀಗದ ಕೈ ತಿರುಗಿತು.

ಬದರಿ ಹೊದಿಕೆ ಬಗಲಲ್ಲಿಟ್ಟುಕೊಂಡು ಮಲಗುವ ಕೋಣೆಗೆ ಓಡಿದ. ಮಂಚದ ಕೆಳಗೆ ನೋಡಿದರೆ ಸೂಟ್‌ಕೇಸು. ತಾನೇ ಇಟ್ಟದ್ದು. ಮುಂದಿನ ಹಾಲ್‌ನಿಂದ ಮಾತು ತೇಲಿ ಬಂತು.

“ಹಾಸಿಗೆಗಳ್ನ ಮಲಗೋ ರೂಮಲ್ಲೇ ಹಾಕಿ,” ಅಂದಳು ಶ್ರೀನಿವಾಸನ ಹೆಂಡತಿ ತಾರಾ. ಆಸ್ಪತ್ರೆಯಲ್ಲಿ ನರ್ಸು, ಆಕೆಯ ಮಾತು ಅಂದರೆ ಮಾತು.

“ಮೂರು ವಾರದಿಂದ ಬೀಗ ಹಾಕಿರೋ ಮನೇಲಿ ಒಗ್ಗರಣೆ ವಾಸನೆ ಬರ್ತಿದೆಯಲ್ಲೇ ತಾರಾ?” ಅಂದರು ಆಂಟಿ.

“ಕಾರ್ಪೆಟ್ ಹೀರ್ಕೊಂಡಿರತೈತ್ರಿ ಆಂಟಿ,” ಎಂದು ವಾಮನ ವಿವರಿಸಿದ. “ಬಿಸಲಿಗೆ ಬಿಟ್ಕೋತೈತಿ. ವಿಜ್ಞಾನ.”

ಬದರಿ ಮನಸ್ಸಿನಲ್ಲೇ ವಾಮನನಿಗೆ ಕೈ ಮುಗಿದು, ಬಟ್ಟೆ ಒಗೆಯುವ ಕೋಣೆಯ ಮೂಲಕ ಬೆಕ್ಕಿನ ಹೆಜ್ಜೆ ಹಾಕುತ್ತ ಗರಾಜಿಗೆ ಜಾರಿದ. ಗರಾಜಿನ ಷಟರ್ ಆಗಲೇ ಮೇಲೆದ್ದಿತ್ತು. ಅವನು ಕೋಣೆಯಲ್ಲಿ ಪರದಾಡುವಷ್ಟರಲ್ಲಿ ಮೊದಲ ಕಂತಿನಲ್ಲಿ ಇಳಿಸಿದ ತೇಗದ ಬೀರು ಗರಾಜಿನ ನಡುವೆ ನಿಂತಿತ್ತು. ಸಹಾಯಕ್ಕೆ ಬಂದಿದ್ದ ಗೆಳೆಯರು ಇನ್ನೊಂದು ಟ್ರೇಲರಿನ ಹಗ್ಗ ಬಿಚ್ಚುತ್ತಿದ್ದರು. ಓಡೋಣವೆಂದರೆ ಡ್ರೈವ್‌ವೇಯಲ್ಲಿ ಗ್ಯಾರಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

“ಹಿ ಈಸ್ ಹೋಮ್, ಮೇಟ್,” ಎಂದು ಶ್ರೀನಿವಾಸನಿಗೆ ಹೇಳುತ್ತಿದ್ದ. “ದ ಬಿಗ್ ಫೆಲ್ಲಾ. ಸಾ ಹಿಮ್ ದಿಸ್ ಮಾರ್ನಿಂಗ್.”

ಶ್ರೀನಿವಾಸ ಗೊಂದಲದಿಂದ ವಾಮನನ ಮುಖ ನೋಡಿದ.

“ಇಂವಗ ನಮ್ಮ ಮಂದಿ ಎಲ್ಲಾ ಒಂದ ನಮೂನಿ ಕಾಣಸ್ತಾರ ತಗೀರಿ,” ಎಂದ ವಾಮನ, ಫೋನು ಹಿಡಿದು ತೋರಿಸುತ್ತ. “ನೋಡ್ರಿಲ್ಲೆ, ವಿಮಾನ ದೋಹಾ ಬಿಟ್ಟು ಅರ್ಧ ತಾಸಿನ ಮ್ಯಾಲ ಆತು. ಬದರಿಯವರು ಅದರಾಗ ಕುಂತಾರ. ಇಂವ ಹೋದ ತಿಂಗಳ ನನ್ನ ನೋಡಿ ನಿಮ್ಮ ಹೆಸರ ಹಿಡದ ಕರದಿದ್ದ.”

ಹೆಜ್ಜೆಗಳು ಹತ್ತಿರವಾದವು. ಬದರಿಗೆ ಉಳಿದ ದಾರಿ ಒಂದೇ. ಬೀರುವಿನ ಬಾಗಿಲು ತೆರೆದು ಒಳಗೆ ಸೇರಿ, ಮಂಡಿಯನ್ನು ಗದ್ದಕ್ಕೆ ಆನಿಸಿಕೊಂಡು, ಬಾಗಿಲೆಳೆದುಕೊಂಡ. ಒಳಗೆ ನುಸಿಗುಳಿಗೆಯ ಘಾಟು. ವಿಮಾನದ ಸೀಟು ಇಕ್ಕಟ್ಟು ಎಂದು ರಾತ್ರಿಯೆಲ್ಲ ಗೊಣಗಿದ್ದ ಬದರಿಗೆ ಆ ಸೀಟು ಈಗ ಮಹಾರಾಜರ ಸುಪ್ಪತ್ತಿಗೆಯಂತೆ ನೆನಪಾಯಿತು.

ಅವರು ಎಲ್ಲ ಇಳಿಸಿ ಹೊರಟುಹೋಗುತ್ತಾರೆ, ಆಮೇಲೆ ಹೊರಬಂದರಾಯಿತು ಎಂದುಕೊಂಡ. ಫ್ರಿಜ್ಜು ಬಂತು. ವಾಷಿಂಗ್ ಮೆಷಿನ್ನು ಬಂತು. ಒಂದೊಂದು ಸಾಮಾನು ನೆಲಕ್ಕಿಟ್ಟಾಗಲೂ ಬೀರುವಿನೊಳಗೆ ಭೂಕಂಪ. ಗಂಟೆಯಾಯಿತು, ಎರಡು ಗಂಟೆಯಾಯಿತು. ಕಾಲು ಜೋಮು ಹಿಡಿದು ಯಾರದೋ ಕಾಲಿನಂತಾಯಿತು. ಕೊನೆಗೆ ತಾರಾಳ ದನಿ ಕೇಳಿಸಿತು.

“ಗರಾಜಲ್ಲಿ ತೇವ ಜಾಸ್ತಿ. ನಮ್ಮಮ್ಮನ ಬೀರು ಇದು. ಒಳಗೆ ಹಾಲಲ್ಲಿಡಿ.”

ನಾಲ್ಕು ಜನ ನಾಲ್ಕು ಮೂಲೆ ಹಿಡಿದರು. “ಒಂದ್, ಎರಡ್, ಮೂರ್!” ಬೀರು ಅಲ್ಲಾಡಲಿಲ್ಲ.

“ಬೆಳಗ್ಗೆ ಇಬ್ಬರೇ ಎತ್ತಿದ್ವಲ್ಲೋ,” ಎಂದು ಶ್ರೀನಿವಾಸ ಏದುಸಿರು ಬಿಟ್ಟ. “ಖಾಲಿ ಬೀರು, ಇಷ್ಟು ಭಾರ?”

“ತೇಗ ಅಲ್ಲೇನ್ರಿ,” ವಾಮನ ಹೇಳಿದ. “ಆಕ್ಲೆಂಡಿನ ಹವಾಕ್ಕ ನೀರ ಕುಡೀತೈತಿ.”

ಮತ್ತೆ ಇಬ್ಬರು ಬಂದು ಸೇರಿದರು. ಹನ್ನೊಂದು ಮನೆಗಳ ಸಾಮಾನು ಹೊತ್ತ ಬದರಿನಾಥ ಜೀವಮಾನದಲ್ಲಿ ಮೊದಲ ಸಲ ತಾನೇ ಸಾಮಾನಾಗಿ ಮೇಲೆದ್ದ. ಮುಂದಿನವರು ಎತ್ತರಕ್ಕೆ ಹಿಡಿದರೆ ಅವನ ಹಿಂದಲೆ ಹಲಗೆಗೆ, ಹಿಂದಿನವರು ಎತ್ತಿದರೆ ಮೂಗು ಬಾಗಿಲಿಗೆ. ಹೊಸ್ತಿಲಲ್ಲಿ ಒಂದು ಸಲ ಪೂರ್ತಿ ಮಲಗಿಸಿ ತಿರುಗಿಸಿದರು. ಪಿಯಾನೊ ದಿನ ಮುರಿದಿದ್ದ ಹಪ್ಪಳದ ಉಳಿದ ಚೂರುಗಳೂ ಅಲ್ಲಿ ಮುರಿದವು. ಬದರಿ ಹೊದಿಕೆಯನ್ನು ಬಾಯಿಗೆ ತುರುಕಿಕೊಂಡು ಕೂಗನ್ನು ನುಂಗಿದ. ಕೊನೆಗೆ ಹಾಲಿನ ಗೋಡೆಗೆ ಬೀರುವನ್ನು ದಬಕ್ಕೆಂದು ಇಟ್ಟು ಎಲ್ಲರೂ ಉಸ್ಸೆಂದು ಅದರ ಮುಂದೆಯೇ ಕೂತರು.

ಆಗ ಆರು ಗಂಟೆ. ಆಂಟಿ ಚಹಾ ಮಾಡಿಕೊಂಡು ಬಂದರು. ಚಕ್ಕುಲಿ ಮುರಿಯುವ ಸದ್ದು ಬೀರುವಿನೊಳಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

“ಬದರಿ ಈಗ ಎಲ್ಲಿದ್ದಾನಪ್ಪ ವಾಮನ?” ಆಂಟಿ ಕೇಳಿದರು.

“ಕೇರಳದ ಬಾಜೂಕ ಸಮುದ್ರದ ಮ್ಯಾಲೆ ಬಂದಾರ್ರಿ. ಇನ್ನ ಸ್ವಲ್ಪ ಹೊತ್ತಿಗೆ ಶ್ರೀಲಂಕಾ.”

“ಕೇರಳನಾ? ಅಲ್ಲಾ, ಬೆಂಗಳೂರಿಂದ ಹೊರಟೋನು ಅಷ್ಟು ದೂರ ದೋಹಾಗೆ ಹೋಗಿ, ಮತ್ತೆ ನಮ್ಮೂರ ಪಕ್ಕಕ್ಕೇ ಯಾಕಪ್ಪ ಬಂದ?”

“ದಾರೀನ ಹಂಗೈತ್ರಿ ಆಂಟಿ. ಭೂಮಿ ದುಂಡಗೈತಲ್ಲಾ.”

“ದುಂಡಗಿದ್ರೆ ಇರ್ಲಿ. ಅಲ್ಲೇ ಎಲ್ಲಾದ್ರೂ ಹತ್ತಿಸ್ಕೊಬಾರ್ದಿತ್ತಾ ಪಾಪ, ಎಂಟು ಗಂಟೆ ಉಳೀತಿತ್ತು.”

ಶ್ರೀನಿವಾಸ ಚಹಾ ಲೋಟ ಕೆಳಗಿಟ್ಟ. “ನನಗೆ ಸಮಾಧಾನವೇ ಇಲ್ಲ ಆಂಟಿ. ಒಂದು ಮಾತು ಕೇಳ್ದೆ ಅವನ ಮನೆ ತುಂಬಾ ಸಾಮಾನು ತುಂಬಿದೀವಿ. ಬೆಳಗ್ಗೆ ಕೇಳೋಣ ಅಂದ್ರೆ ಫೋನಿಟ್ಟ. ಬೇಡ ಅಂದಿದ್ರೆ ಎಲ್ಲಾದ್ರೂ ಒಂದು ಗೋಡೌನು ಹುಡುಕ್ತಿದ್ದೆ.”

ಬೀರುವಿನೊಳಗೆ ಬದರಿ ತನ್ನ ಹಣೆಯನ್ನು ತಾನೇ ಮೆಲ್ಲಗೆ ಚಚ್ಚಿಕೊಂಡ.

“ಅದಕ್ಕೇನು, ಅರುಂಧತೀನ ಕೇಳಿದ್ರಾಯ್ತು. ಅಲ್ಲೀಗ ಬೆಳಗ್ಗೆ ಹತ್ತೂವರೆ,” ಎಂದು ಆಂಟಿ ಫೋನು ಒತ್ತಿ, ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದರು.

ಬೀರುವಿನೊಳಗೆ ಬದರಿ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡ.

“ಹೇಳಿ ಆಂಟಿ,” ಅರುಂಧತಿಯ ದನಿ ಹಾಲಿನಲ್ಲಿ ತುಂಬಿತು. ಆಂಟಿ ವಿಷಯ ಹೇಳಿದರು. “ಅಯ್ಯೋ, ಅದಕ್ಕೇನಂತೆ, ಇಟ್ಕೊಳ್ಳಿ. ಆದ್ರೆ ನನ್ನ ಯಾಕೆ ಕೇಳ್ತೀರಿ, ಅವ್ರೇ ಇದ್ದಾರಲ್ಲ ಮನೇಲಿ?”

“ಯಾರೇ?”

“ನಮ್ಮವ್ರು. ಬೆಳಗ್ಗೇನೇ ಲ್ಯಾಂಡ್ ಆದ್ರಲ್ಲ. ಉಪ್ಪಿಟ್ಟು ತಿಂದು ಮಲಗ್ತೀನಿ ಅಂತ ಮೆಸೇಜ್ ಬಂದಿದೆ. ಆಮೇಲೆ ಫೋನ್ ಮಾಡಿದ್ರೆ ಆಫ್.”

ಹಾಲಿನಲ್ಲಿ ಚಕ್ಕುಲಿಯ ಸದ್ದು ನಿಂತಿತು. ವಾಮನ ಕೂತಲ್ಲಿಂದ ಎದ್ದ. “ಅಕ್ಕಾರ, ತಪ್ಪ ತಿಳಕೋಬ್ಯಾಡ್ರಿ. ಬದರಿಯವರ ವಿಮಾನ ನನ್ನ ಕಣ್ಣಮುಂದ ಕೇರಳದ ಬಾಜೂಕೈತಿ. ಆಕ್ಲೆಂಡ್ ಇನ್ನಾ ಹನ್ನೊಂದ ಸಾವಿರ ಕಿಲೋಮೀಟರ್ ಐತ್ರಿ. ಮಧ್ಯಾಹ್ನ ಮೂರಕ್ಕ ಏರಿದವರು ಮುಂಜಾನೆ ಹೆಂಗ ಇಳೀತಾರ?”

“ಹೌದಮ್ಮ,” ಶ್ರೀನಿವಾಸ ಮೆಲ್ಲಗೆ ಹೇಳಿದ. “ಹನ್ನೊಂದು ಗಂಟೇಲಿ ನನ್ಹತ್ರ ಮಾತಾಡಿದ್ನಲ್ಲ. ದೋಹಾದಲ್ಲಿದ್ದ. ನೆಲ ಒರೆಸೋ ಮೆಷಿನ್ ಸದ್ದು ನಾನೇ ಕೇಳಿಸ್ಕೊಂಡೆ.”

ಮೈಸೂರಿನ ಕಡೆಯಿಂದ ಅರುಂಧತಿ ಲೆಕ್ಕ ಜೋಡಿಸಿದಳು.

“ಅಂದ್ರೆ, ನಿಮಗೆ ದೋಹಾದಲ್ಲಿದೀನಿ ಅಂದ್ರು. ನನಗೆ ಮನೇಲಿದೀನಿ ಅಂದ್ರು.” ಅವಳ ದನಿ ಏರಿತು. “ಮನೇಲಂತೂ ಇಲ್ಲ. ನೀವೆಲ್ಲಾ ಅಲ್ಲೇ ಕೂತಿದೀರಿ.”

“ಗಾಬರಿ ಮಾಡ್ಕೋಬೇಡ ಮಗು,” ಅಂದರು ಆಂಟಿ, ಗಾಬರಿ ಹುಟ್ಟಿಸುವ ದನಿಯಲ್ಲಿ. “ದೋಹಾದಲ್ಲಿ ಅವನಿಗೆ ಯಾರಾದ್ರೂ ಪರಿಚಯದೋರು...?”

“ಇಂದಿರಾ!” ಅರುಂಧತಿ ಚೀರಿದಳು. “ಅವರ ಕ್ಲಾಸ್‌ಮೇಟ್ ಇಂದಿರಾ! ದೋಹಾದಲ್ಲೇ ಇರೋದು! ಹೋದ ತಿಂಗಳು ಅವಳ ಫೋಟೋಗೆ ಲೈಕ್ ಒತ್ತಿದ್ರು, ನಾನು ನೋಡಿದೀನಿ! ವಿಮಾನ ಹತ್ತಿದಾರೋ ಇಲ್ವೋ, ಅದಾದ್ರೂ ಯಾರಿಗ್ ಗೊತ್ತು! ಅಮ್ಮಾ... ಅಮ್ಮಾ, ಇಲ್ಲಿ ಬಾರಮ್ಮಾ...”

ಹಿಂದೆ ಅತ್ತೆಯ ದನಿ, ಮಾವನ ದನಿ, ಮದುವೆಗೆ ಬಂದು ಇನ್ನೂ ಊರಿಗೆ ಹೋಗದಿದ್ದ ನೆಂಟರ ದನಿ. ‘ಯಾರೇ ಅದು ಇಂದಿರಾ?’ ‘ನಂಗೆ ಮೊದಲೇ ಅನುಮಾನ ಇತ್ತು!’

“ನಾನು ದೋಹಾದಲ್ಲಿಲ್ಲ!” ಎಂದು ಬೀರು ಕೂಗಿತು.

ಆಂಟಿಯ ಕೈಯಿಂದ ಚಹಾದ ತಟ್ಟೆ ಬಿತ್ತು. ವಾಮನ ಸೋಫಾದ ಮೇಲೆ ಹತ್ತಿ ನಿಂತ. ಬೀರುವಿನ ಬಾಗಿಲು ಕಿರ್ರೆಂದು ತೆರೆದುಕೊಂಡು, ಒಳಗಿನಿಂದ ಹೊದಿಕೆ ಹೊದ್ದ ಬದರಿನಾಥ ಮಡಿಸಿದ ಕುರ್ಚಿಯಂತೆ ಬಗ್ಗಿಕೊಂಡೇ ಹೊರಬಂದ. ನೆಟ್ಟಗೆ ನಿಲ್ಲಲು ನೋಡಿದ, ಆಗಲಿಲ್ಲ. ಫೋನಿನ ಕಡೆ ಬಗ್ಗಿ, “ಅರೂ, ನಾನು ಇಲ್ಲೇ ಇದೀನಿ. ಮನೇಲೇ. ಆ ಇಂದಿರಾ ದೋಹಾ ಬಿಟ್ಟು ಎರಡು ವರ್ಷ ಆಯ್ತು” ಎಂದ.

“ಅದು ನಿಮಗೆ ಹೇಗೆ ಗೊತ್ತು?” ಎಂದಿತು ಫೋನು.

ಹಾಲಿನಲ್ಲಿದ್ದ ಎಂಟು ಮಂದಿ ಅವನನ್ನೇ ನೋಡುತ್ತಿದ್ದರು. ಶ್ರೀನಿವಾಸನ ಬಾಯಿ ತೆರೆದಿತ್ತು. ಹನ್ನೊಂದು ಮನೆಗಳಲ್ಲಿ ಗಳಿಸಿದ ಹೆಸರು ಇನ್ನೊಂದು ಕ್ಷಣದಲ್ಲಿ ಮಣ್ಣಾಗುವುದಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ ಬದರಿಯ ನಾಲಿಗೆಗೆ ಒಂದು ಪದ ಸಿಕ್ಕಿತು.

“ಸರ್‌ಪ್ರೈಸ್!” ಎಂದ, ಎರಡೂ ಕೈ ಎತ್ತಿ. “ಸೀನಾ, ನಿನಗೆ ಸರ್‌ಪ್ರೈಸ್ ಕೊಡೋಣ ಅಂತ ಕಣೋ! ಭಾನುವಾರ ಅಂತ ಹೇಳಿ ಶನಿವಾರವೇ ಬಂದೆ. ನಿನ್ನ ಮನೆ ಶಿಫ್ಟಿಂಗು, ನಾನಿಲ್ದೆ ಆಗುತ್ತಾ? ಬೀರು ಬಾಗಿಲು ತೆಗೆದಾಗ ಹಾರಿ ಬರೋಣ ಅಂತಿದ್ದೆ. ಯಾರೂ ತೆಗೀಲೇ ಇಲ್ಲ!”

ಶ್ರೀನಿವಾಸನ ಕಣ್ಣು ತುಂಬಿ ಬಂತು. ಬಂದು ಗಟ್ಟಿಯಾಗಿ ತಬ್ಬಿಕೊಂಡ. ಬದರಿಗೆ ಸೊಂಟದಲ್ಲಿ ನಕ್ಷತ್ರಗಳು ಕಂಡವು.

“ನೋಡಿದ್ಯಾ ತಾರಾ? ನಾವು ಅವನ ಕೈಗೆ ಸಾಮಾನು ಸಿಗ್ಬಾರ್ದು ಅಂತ ಒದ್ದಾಡಿದ್ವಿ. ಇವನು ನಮಗೋಸ್ಕರ ಒಂದು ದಿನ ಮುಂಚೆ ಬಂದು ಬೀರೂಲಿ ಕೂತಿದ್ದಾನೆ!”

“ಸಿಗ್ಬಾರ್ದು ಅಂದ್ರೆ?” ಬದರಿ ಕೇಳಿದ.

ತಾರಾ ಅಪರಾಧಿಯಂತೆ ಸೆರಗು ಸರಿಮಾಡಿಕೊಂಡಳು. “ನಿಮ್ಮ ಸೊಂಟದ ವಿಷಯ ಅರುಂಧತಿ ನನಗೆ ಹೇಳಿದ್ಲು ಬದರಿ. ಅದಕ್ಕೇ ನಿಮ್ಮನ್ನ ಈ ಸಲ ಕರೀಲೇಬಾರ್ದು ಅಂತ ಭಾನುವಾರಕ್ಕೆ ದುಡ್ಡು ಕೊಟ್ಟು ಸಾಮಾನು ಸಾಗಿಸೋ ಮೂವರ್ಸ್‌ನ ಗೊತ್ತು ಮಾಡಿದ್ವಿ. ಹಳೇ ಮನೆಯಿಂದ ಸೀದಾ ಹೊಸ ಮನೆಗೆ. ನೀವು ಶನಿವಾರ ಬರ್ತೀನಿ ಅಂದಿದ್ರೆ ತೊಂದರೆನೇ ಇರ್ಲಿಲ್ಲ. ಭಾನುವಾರ ನಿದ್ದೇಲಿರ್ತಿದ್ರಿ, ನೀವು ಏಳೋದ್ರೊಳಗೆ ಮೂವರ್ಸ್ ಕೆಲಸ ಮುಗಿಸಿರ್ತಿದ್ರು. ಆದ್ರೆ ಭಾನುವಾರ ಬೆಳಗ್ಗೆ ಇಳೀತೀನಿ ಅಂದ್ರಲ್ಲ! ಏರ್‌ಪೋರ್ಟಿಂದ ಸೀದಾ ಬಂದು ಫ್ರಿಜ್ ಎತ್ಕೋತೀರಿ ಅಂತ ಭಯ ಆಯ್ತು. ಅದಕ್ಕೇ ಶನಿವಾರಕ್ಕೆ ಹಾಕ್ಕೊಂಡ್ವಿ. ಅವತ್ತಿಗೆ ಮೂವರ್ಸ್ ಸಿಗ್ಲಿಲ್ಲ, ಟ್ರೇಲರ್ ಹಿಡಿದ್ವಿ.”

“ಮನೆ ಮಾರಿದೋರೂ ಶನಿವಾರವೇ ಕೀ ಕೊಡ್ತೀವಿ ಅಂದಿದ್ರು,” ಶ್ರೀನಿವಾಸ ಮುಂದುವರಿಸಿದ. “ಮರೆತು ಕೀ ಜೇಬಲ್ಲಿಟ್ಕೊಂಡು ತಮ್ಮ ಬ್ಯಾಚ್‌ಗೆ, ಅದೇ ರಜಾ ಮನೆಗೆ, ಹೋಗ್ಬಿಟ್ಟಿದ್ದಾರೆ, ಸಮುದ್ರದ ಕಡೆ. ನಾಳೆ ಬೆಳಗ್ಗೆ ಬರೋದು. ನಾವು ಶನಿವಾರವೇ ಬಿಡ್ತೀವಿ ಅಂದಿದ್ದಕ್ಕೆ ಹಳೇ ಮನೆಗೆ ಮಧ್ಯಾಹ್ನವೇ ಬೇರೆ ಬಾಡಿಗೆಯವ್ರು ಬಂದ್ರು. ಅದಕ್ಕೇ ನಿನ್ನ ಮನೆ. ನಾಳೆ ಏಳಕ್ಕೇ ಮೂವರ್ಸ್‌ಗೆ ಬರೋಕೆ ಹೇಳಿದೀನಿ, ನೀನು ಇಳಿದು ಬರೋದ್ರೊಳಗೆ ಎಲ್ಲಾ ಖಾಲಿ ಮಾಡ್ಬಿಡೋಣ ಅಂತ.”

ಬದರಿ ಬೀರುವಿಗೆ ಒರಗಿ ನಿಂತ. ಹೌದು ಕಣೋ, ಸೊಂಟ ನೋವು, ತಡೆಯಲಾಗುತ್ತಿಲ್ಲ ಅಂದುಬಿಡಲೇ ಎಂದು ಒಂದು ಕ್ಷಣ ಯೋಚಿಸಿದ. ಎಂಟು ಮಂದಿ ಪ್ರೀತಿಯಿಂದ ನೋಡುತ್ತಿದ್ದರು. ಸೋಫಾದ ಮೇಲಿಂದ ಇಳಿದ ವಾಮನ ಕೂಡ “ಭೀಮ ಅಂದ್ರ ಭೀಮನಽ ಬಿಡ್ರಿ” ಎಂದ. ಆ ಮಾತು ಕೇಳಿದ ಮೇಲೆ ನಿಜ ಹೇಳಲು ಬಾಯಿ ಬರಲಿಲ್ಲ.

“ಸೊಂಟನಾ? ನನ್ನ ಸೊಂಟಕ್ಕೇನಾಗಿದೆ? ಅರುಂಧತಿ ಸುಮ್ನೆ ಹೆದರ್ಕೋತಾಳೆ ಅಷ್ಟೇ. ಏನೇ ಅರೂ?”

ಹೇಳಿ ಫೋನಿನ ಕಡೆ ಆಸೆಯಿಂದ ನೋಡಿದ. ಅವಳು ಒಂದು ಮಾತು ಅಂದರೆ ಸಾಕಿತ್ತು. ‘ಇಲ್ಲಾರೀ, ಅವರ ಕೈಲಾಗಲ್ಲ, ಎತ್ತಿಸ್ಬೇಡಿ’ ಅಂದರೆ ಮರ್ಯಾದೆಯೂ ಉಳಿಯುತ್ತಿತ್ತು, ಮೂಳೆಯೂ ಉಳಿಯುತ್ತಿತ್ತು.

ಮೈಸೂರಿನಲ್ಲಿ ಅರುಂಧತಿ ಕಣ್ಣೊರೆಸಿಕೊಂಡಿರಬೇಕು. ಮೂಗು ಸೆಳೆದ ಸದ್ದು ಕೇಳಿಸಿತು. ಹದಿನೇಳು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಸರ್‌ಪ್ರೈಸ್ ಎಂಥದು ಎಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ.

“ಏನೂ ಆಗಿಲ್ಲ ಶ್ರೀನಿವಾಸ್,” ಎಂದಳು ತಣ್ಣಗೆ. “ಸೊಂಟ ಪೂರ್ತಿ ಸರಿಹೋಗಿದೆ. ಮೂವರ್ಸ್ ಎಲ್ಲಾ ಯಾಕೆ ದಂಡ? ಚೆನ್ನಾಗಿ ಎತ್ತಿಸಿ. ಒರಳುಕಲ್ಲು ಮಾತ್ರ ಬೇರೆ ಯಾರೂ ಮುಟ್ಟಬೇಡಿ, ಅವರಿಗೇ ಬಿಡಿ.”

ಫೋನು ಕಟ್ಟಾಯಿತು. ಶ್ರೀನಿವಾಸ ಸಂತೋಷದಿಂದ ತನ್ನ ಫೋನು ತೆಗೆದುಕೊಂಡು ಡ್ರೈವ್‌ವೇಗೆ ನಡೆದ. ಬದರಿ ಬೀರು ಬಿಟ್ಟು ಅಲ್ಲಾಡದೆ ಅಲ್ಲೇ ನಿಂತಿದ್ದ. ಐದು ನಿಮಿಷ ಕಳೆದಿರಬೇಕು, ಹಾಲಿನಲ್ಲಿದ್ದ ಎಲ್ಲರ ಫೋನುಗಳೂ ಒಟ್ಟಿಗೆ ಟಿಣ್ ಎಂದವು. ಬದರಿಯ ಫೋನು ಆಫಾಗಿತ್ತು. ವಾಮನ ತನ್ನದನ್ನು ಅವನ ಮುಖದ ಮುಂದೆ ಹಿಡಿದ. ಗುಂಪಿನಲ್ಲಿ ಶ್ರೀನಿವಾಸ ಬರೆದಿದ್ದ:

‘ನಾಳೆ ಬೆಳಗ್ಗೆ ಏಳು ಗಂಟೆಗೆ ಸಾಮಾನು ಸಾಗಿಸೋದು. ಮೂವರ್ಸ್ ಕ್ಯಾನ್ಸಲ್ ಮಾಡಿದೀನಿ. ನೀವ್ಯಾರೂ ಬರೋ ಅಗತ್ಯ ಇಲ್ಲ, ಮನೇಲಿ ಆರಾಮಾಗಿ ಮಲಗಿ. ಬದರಿ ಬಂದಿದ್ದಾನೆ.’